ಲುವಾಂಗ್ವಾ ದಂಡೆಯ ಹೊಲಕಾವಲು

ನ್ಯಾಲ್ಕಲ್ ಜೀಪು

ವಿದೇಶಕ್ಕೆ ಹೋಗಿ ಬಂದವರ ಕಥೆ ಸಾಮಾನ್ಯವಾಗಿ ವಿಮಾನ ನಿಲ್ದಾಣದಿಂದ ಶುರುವಾಗುತ್ತದೆ. ನನ್ನದು ನಮ್ಮಪ್ಪನ ಜೀಪಿನಿಂದ ಶುರುವಾಗಬೇಕು. ಸಮುದ್ರ ದಾಟುವುದಕ್ಕಿಂತ ಆ ಜೀಪಿನಲ್ಲಿ ಝಹೀರಾಬಾದ್ ದಾಟುವುದೇ ನನಗೆ ಕಷ್ಟವಾಗಿತ್ತು.

ಅಪ್ಪ ನ್ಯಾಲ್ಕಲ್‌ನಿಂದ ಝಹೀರಾಬಾದಿಗೆ ಬಾಡಿಗೆ ಜೀಪು ಓಡಿಸುತ್ತಾನೆ. ಒಳಗೆ ತುಂಬಿ, ಹಿಂದೆ ನಾಲ್ಕಾರು ಮಂದಿ ಜೋತುಬೀಳದ ಹೊರತು ಆ ಜೀಪು ಅಲುಗಿದ್ದನ್ನು ಯಾರೂ ಕಂಡಿಲ್ಲ. ನಾನು ನಾರಾಯಣಖೇಡದ ಸೋದರತ್ತೆಯ ಮನೆಯಲ್ಲಿದ್ದು ಡಿಗ್ರಿ ಮುಗಿಸಿ, ಗುಲ್ಬರ್ಗಾದಲ್ಲಿ ಪ್ರಾಣಿಶಾಸ್ತ್ರ ಓದಿ, ವನ್ಯಜೀವಿ ನಿರ್ವಹಣೆಯಲ್ಲೇ ನೌಕರಿ ಹಿಡಿಯುತ್ತೇನೆಂದು ಹಟ ಹಿಡಿದಿದ್ದೆ. ಹಟಕ್ಕೆ ಕಾರಣ ನಮ್ಮೂರ ಎರೆಹೊಲದ ಕೃಷ್ಣಮೃಗಗಳು. ಚಿಕ್ಕಂದಿನಿಂದ ಕಡಲೆ ಹೊಲದಲ್ಲಿ ಅವುಗಳನ್ನು ಓಡಿಸಿ ಓಡಿಸಿ, ಓಡುವಾಗ ಅವು ಎಷ್ಟು ಚೆಂದ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತ್ತು. ಬೆಳೆಯೂ ಉಳಿಯಬೇಕು, ಅವೂ ಉಳಿಯಬೇಕು. ಅದಕ್ಕೊಂದು ವಿದ್ಯೆ ಇದ್ದೇ ಇರುತ್ತದೆ ಅಂತ ನನ್ನ ನಂಬಿಕೆ.

ಅಪ್ಪನ ವಿಚಾರ ಬೇರೆ. "ಕಾಡ ಪ್ರಾಣಿ ಕಾಯೋದು ಯಾತರ ನೌಕರಿ ಯವ್ವಾ? ನಿಮ್ಮ ಮುತ್ಯಾ ಜಲ್ಮೆಲ್ಲಾ ಮಂಚಿಗಿ ಮ್ಯಾಲ ಕುಂತು ಹಂದಿ ಕಾದಾನ. ಯಾರರೆ ಪಗಾರ ಕೊಟ್ಟಾರೇನು?"

ಮಂಚಿಗೆ ಅಂದರೆ ಹೊಲದ ನಡುವೆ ನಾಲ್ಕು ಗಳ ನೆಟ್ಟು ಕಟ್ಟುವ ಅಟ್ಟ. ನಮ್ಮ ಮುತ್ಯಾನ, ಅಂದರೆ ಅಪ್ಪನ ಅಪ್ಪನ, ಅರ್ಧ ಆಯುಷ್ಯ ಅದರ ಮೇಲೆಯೇ ಕಳೆದಿತ್ತು. ಅದಕ್ಕೆ ಯಾರೂ ಸಂಬಳ ಕೊಟ್ಟಿರಲಿಲ್ಲ, ನಿಜ.

ಆಗ ತೆಲಂಗಾಣ ಹೋರಾಟ ಕಾವೇರಿದ್ದ ಕಾಲ. ನಮ್ಮ ಕಡೆ ಎಲ್ಲರ ಆಸೆಗಳೂ ಒಂದೇ ಗೂಟಕ್ಕೆ ಕಟ್ಟಿದ್ದವು: ರಾಜ್ಯ ಬಂದರೆ ನೌಕರಿ ಬರುತ್ತದೆ. ತಾಂಡೂರಿನಲ್ಲಿರುವ ನನ್ನಕ್ಕ ಫೋನಿನಲ್ಲಿ ದಿನವೂ ಅದೇ ಹಾಡು ಹಾಡುತ್ತಿದ್ದಳು. "ಟೀಚರ್ ಪರೀಕ್ಷಾಕ ಓದು. ರಾಜ್ಯ ಬಂದ ಮರುದಿನಾನೇ ಪೋಸ್ಟ್ ತೆಗಿತಾರಂತ. ಹುಲಿ ಕರಡಿ ಹಿಂದ ತಿರುಗೋ ಹೆಣ್ಣಿಗಿ ಯಾರು ನೋಡಾಕ ಬರ್ತಾರ?"

ಅಂಥದ್ದರಲ್ಲಿ ಜಾಂಬಿಯಾ ದೇಶದ ಒಂದು ಶಿಬಿರಕ್ಕೆ ನಾನು ಆಯ್ಕೆಯಾದೆ. ಮೂರು ವಾರದ ತರಬೇತಿ, ಖರ್ಚೆಲ್ಲ ಅವರದೇ. ಬಂದವರಲ್ಲಿ ಇಬ್ಬರನ್ನು ಆರಿಸಿ ಒಂದು ವರ್ಷದ ಕೋರ್ಸಿಗೆ ಇಟ್ಟುಕೊಳ್ಳುತ್ತಾರೆ. ಆ ಕೋರ್ಸು ಮುಗಿಸಿದವರಿಗೆ ಈ ವಿದ್ಯೆಯಲ್ಲಿ ನೌಕರಿ ಗ್ಯಾರಂಟಿ. ಅಪ್ಪ ಕೊನೆಗೆ ಅಂದ: "ಹೋಗಿ ಬಾ. ಇಟಕೊಂಡ್ರ ನಿನ್ನ ನಸೀಬು. ಇಟಕೊಳ್ಳಲಿಲ್ಲಂದ್ರ ಈ ಮಾತು ಮತ್ತ ಮನ್ಯಾಗ ತೆಗಿಬಾರದು. ಸುಮ್ ಟೀಚರ್ ಪರೀಕ್ಷಾಕ ಕೂಡಬೇಕು."

ನಾನು ಆಗಲಿ ಅಂದೆ.

ಹೊರಟ ದಿನವೇ ಬಂದ್. ಝಹೀರಾಬಾದಿನ ಹೆದ್ದಾರಿಯ ನಡುವೆ ಕಲ್ಲು ಹೂಡಿ, ದೊಡ್ಡ ದೊಡ್ಡ ಪಾತ್ರೆಗಳನ್ನಿಟ್ಟು ಅನ್ನ ಬೇಯಿಸುತ್ತಿದ್ದರು. ರಸ್ತೆಯ ಮೇಲೇ ಅಡುಗೆ, ರಸ್ತೆಯ ಮೇಲೇ ಊಟ. ಆ ದಿನಗಳ ಚಳವಳಿಯ ರೀತಿ ಅದು. ಅಪ್ಪನ ಜೀಪಿನಲ್ಲಿ ಆವತ್ತು ನಾನು, ಅವ್ವ, ಒಂದು ಪೆಟ್ಟಿಗೆ ಮಾತ್ರ. ಖಾಲಿ ಜೀಪು ನೋಡಿಯೇ ಅವರಿಗೆ ಅನುಮಾನ ಬಂದಿರಬೇಕು. ಒಬ್ಬ ಅಡ್ಡ ಬಂದು ತೆಲುಗಿನಲ್ಲಿ, "ಯಾಡಿಕಿ ಬೋತುನ್ನರು?" ಅಂದ. ಎಲ್ಲಿಗೆ ಹೊರಟಿರಿ ಅಂತ. ಆಮೇಲೆ ನನ್ನ ಮುಖ ನೋಡಿ ನಕ್ಕುಬಿಟ್ಟ. ನಾರಾಯಣಖೇಡದಲ್ಲಿ ನನ್ನ ಜೊತೆಗೇ ಓದಿದ ಶ್ರೀಕಾಂತ.

"ವಿಮಾನ ಹಿಡಿಬೇಕಾಗ್ಯದ ತಮ್ಮಾ," ಅಂದ ಅಪ್ಪ.

"ಕಾಕಾ, ಇವತ್ತು ವಿಮಾನ ಬಂದು ಇದೇ ರೋಡಿಗಿ ಇಳದ್ರೂ ಬಿಡಾಕಿಲ್ಲ. ಮೊದಲ್ ಉಣ್ರಿ."

ಉಣ್ಣದೆ ಬಿಡಲಿಲ್ಲ. ಹೆದ್ದಾರಿಯ ಬಿಳಿ ಗೆರೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುತ್ತುಗದೆಲೆಯಲ್ಲಿ ಬೇಳೆ ಅನ್ನ ಉಂಡೆವು. ಆಮೇಲೆ ಶ್ರೀಕಾಂತ ತಾನೇ ಜೀಪಿನ ಮುಂದೆ ಮುಂದೆ ನಡೆದು, "ಜರಾ ಸರೀರಿ, ನಮ್ಮ ಹುಡುಗಿ ಆಫ್ರಿಕಾಕ ಹೋಗ್ಲತಾಳ" ಅಂತ ದಾರಿ ಮಾಡಿಕೊಟ್ಟ. ಮಂದಿ ಪಕ್ಕಕ್ಕೆ ಸರಿದು, ಆಫ್ರಿಕಾಕ್ಕೂ ಸೇರಿಸಿ ಜೈ ಅಂದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಯಿಂದ ಅಂತ ಹೇಳಿದಳು.

ಲುಸಾಕಾ

ಪೆಟ್ಟಿಗೆಯಲ್ಲಿ ಅವ್ವ ಕಟ್ಟಿದ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಇದ್ದವು. ಲುಸಾಕಾದ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಹಿಂಡಿಯ ಡಬ್ಬಿ ತೆರೆದು, ಮೂಗಿನ ಹತ್ತಿರ ಹಿಡಿದು, ಸೀನುತ್ತ ಸೀನುತ್ತ "ಇದೇನು ಔಷಧಿಯೇ?" ಅಂದ. "ಅಲ್ಲ, ಊಟ," ಅಂದೆ. ಅವನು ನನ್ನನ್ನು ಕನಿಕರದಿಂದ ನೋಡಿ ಬಿಟ್ಟುಬಿಟ್ಟ.

ಅಲ್ಲಿಂದ ಶಿಬಿರಕ್ಕೆ ಇಡೀ ಹಗಲು ಬಸ್ಸು. ಬಸ್ ನಿಲ್ದಾಣಕ್ಕೆ ಕಾಲಿಟ್ಟ ಕೂಡಲೇ ನನ್ನ ಅರ್ಧ ಭಯ ಹೋಯಿತು. ಇನ್ನೇನು ಹೊರಟೆವು ಅಂತ ಡ್ರೈವರು ಎಂಜಿನ್ ಗುರುಗುಟ್ಟಿಸುತ್ತಾನೆ, ಹೊರಡುವುದಿಲ್ಲ. ತುಂಬಬೇಕು. ತುಂಬಿದ ಮೇಲೆ ಇನ್ನಷ್ಟು ತುಂಬಬೇಕು. ನಾಲ್ಕು ಸಾವಿರ ಮೈಲಿ ಬಂದರೂ ಅಪ್ಪನ ಜೀಪು ಬೆನ್ನು ಬಿಟ್ಟಿರಲಿಲ್ಲ. ಪಕ್ಕದ ಹೆಂಗಸು ಒಂದು ಮಾತೂ ಆಡದೆ ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟು, ಮೇಲಿನ ಗಂಟು ಸರಿಮಾಡಲು ಎದ್ದಳು. ನ್ಯಾಲ್ಕಲ್ ಜೀಪಿನಲ್ಲೂ ಹೀಗೆಯೇ. ಕೂಸು ಯಾರ ತೊಡೆ ಖಾಲಿ ಇದೆಯೋ ಅವರದು.

ಹೊರಡುವ ಮುಂಚೆ ಕೋಟು ಹಾಕಿದ ಒಬ್ಬ ಹತ್ತಿ, ಎಲ್ಲರ ಕಡೆ ತಿರುಗಿ ನಿಂತು ಗಟ್ಟಿಯಾಗಿ ಪ್ರಾರ್ಥನೆ ಶುರುಮಾಡಿದ. ಬ್ರೇಕು, ಟೈರು, ಡ್ರೈವರನ ಕಣ್ಣು, ದಾರಿಯಲ್ಲಿ ಅಡ್ಡ ಬರುವ ಆನೆ, ಎಲ್ಲವನ್ನೂ ದೇವರಿಗೆ ಒಪ್ಪಿಸಿದ. ಬಸ್ಸಿಗೆ ಬಸ್ಸೇ ಆಮೆನ್ ಅಂದಿತು. ನಮ್ಮಪ್ಪನೂ ಜೀಪು ಚಾಲು ಮಾಡುವ ಮುಂಚೆ ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಅವನದು ಮೌನವ್ರತ, ಇವರದು ಭಾಷಣ. ಎರಡರ ಹಿಂದಿರುವ ಸವೆದ ಟೈರು ಒಂದೇ ತರಹದ್ದು.

ನದಿ ದಂಡೆ

ಶಿಬಿರ ಲುವಾಂಗ್ವಾ ನದಿಯ ದಂಡೆಯಲ್ಲಿತ್ತು. ಮಳೆಗಾಲ ಶುರುವಾಗಿ ಎಲ್ಲೆಲ್ಲೂ ಹಸಿರು. ನಮಗೆ ಬೇಸಿಗೆಯಲ್ಲಿ ಬರುವ ಮಾವು ಅಲ್ಲಿ ಡಿಸೆಂಬರಿನಲ್ಲಿ ಹಣ್ಣಾಗುತ್ತದೆ, ಆನೆಗಳು ಊರೊಳಗೆ ಬಂದು ಮರ ಅಲುಗಿಸಿ ತಿಂದುಹೋಗುತ್ತವೆ. ಮೊದಲ ದಿನ ನೀರಿನಲ್ಲಿ ಬಂಡೆಗಳೆಂದುಕೊಂಡು ನೋಡುತ್ತ ನಿಂತಿದ್ದೆ. ಒಂದು ಬಂಡೆ ಆಕಳಿಸಿತು. ಅವು ನೀರಾನೆಗಳು.

ಶಿಬಿರದ ಹಿರಿಯರು ಫಿರಿ ಎಂಬವರು. ನಮ್ಮಲ್ಲಿ ರೆಡ್ಡಿ, ಪಾಟೀಲ ಇದ್ದಂತೆ ಅಲ್ಲಿ ಫಿರಿ. ಊರಿಗೆ ಹತ್ತು ಮನೆ. ಮೊದಲ ಬೆಳಗ್ಗೆ ಅವರ ಹತ್ತಿರ ಓಡಿಹೋಗಿ, "ಸರ್, ತರಗತಿ ಎಲ್ಲಿ?" ಅಂದೆ. ಅವರು ನನ್ನನ್ನು ನೋಡುತ್ತ ಸುಮ್ಮನೆ ನಿಂತರು. ಮತ್ತೆ ಕೇಳಿದೆ. ಮತ್ತೆ ಮೌನ. ನನ್ನ ಕೋಣೆಯಲ್ಲಿದ್ದ ಕೀನ್ಯಾದ ವಾಂಜಿರು ಮೊಣಕೈಯಿಂದ ತಿವಿದು, "ಮೊದಲು ಹೇಗೆ ಎದ್ದಿರಿ ಅಂತ ಕೇಳು," ಅಂತ ಪಿಸುಗುಟ್ಟಿದಳು. ಅಲ್ಲಿ ರಾತ್ರಿ ನಿದ್ದೆ ಹೇಗಾಯಿತು, ಮನೆಯವರು ಹೇಗಿದ್ದಾರೆ ಅಂತ ಕೇಳದೆ ಕೆಲಸದ ಮಾತು ತೆಗೆದರೆ ಅದು ಮಾತೇ ಅಲ್ಲ. ನಮ್ಮ ಕಡೆ "ಊಟ ಆತೇನ್ರಿ?" ಅನ್ನದೆ ವಿಷಯಕ್ಕೆ ಬರುವವನನ್ನು ಸಾಲ ಕೇಳಲು ಬಂದವನಂತೆ ನೋಡುವುದಿಲ್ಲವೇ, ಹಾಗೆ. ನಾನು ಕೇಳಿದೆ. ಫಿರಿಯವರ ಮುಖ ಅರಳಿತು. "ಚೆನ್ನಾಗಿ ಎದ್ದೆ. ತರಗತಿ ಆ ಮರದ ಕೆಳಗೆ," ಅಂದರು.

ಅವತ್ತೇ ಅವರು ಹೇಳಿದ ಮೊದಲ ನಿಯಮ: ಯಾವ ಕಾಡುಪ್ರಾಣಿಗೂ ಒಂದು ತುತ್ತು ಹಾಕಬಾರದು. ಮನುಷ್ಯರ ಕೈಯ ರುಚಿ ಹತ್ತಿದ ಪ್ರಾಣಿ ಭಯ ಬಿಡುತ್ತದೆ, ಅಡುಗೆಮನೆಗೆ ನುಗ್ಗುತ್ತದೆ, ಮಕ್ಕಳ ಕೈಯಿಂದ ಕಿತ್ತುಕೊಳ್ಳುತ್ತದೆ. ಕೊನೆಗೆ ಅದನ್ನು ಗುಂಡಿಟ್ಟು ಕೊಲ್ಲಬೇಕಾಗುತ್ತದೆ. ತುತ್ತು ಹಾಕಿದವರು ಮಾರನೆಯ ದಿನದ ಬಸ್ಸು ಹತ್ತಬೇಕು. ಎಲ್ಲರೂ ತಲೆಯಾಡಿಸಿದೆವು. ನಾನು ಸ್ವಲ್ಪ ಹೆಚ್ಚೇ ಆಡಿಸಿದೆ.

ಅಡುಗೆಯ ಹೆಂಗಸನ್ನು ಎಲ್ಲರೂ ಅಮಾಯಿ ಅನ್ನುತ್ತಿದ್ದರು. ಅವರ ಮಾತಿನಲ್ಲಿ ಅಮ್ಮ ಅಂತ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಅದರ ಜೊತೆ ಶೇಂಗಾ ಪುಡಿ ಹಾಕಿ ಬೇಯಿಸಿದ ಕುಂಬಳದ ಎಲೆ. ಕೈಯಲ್ಲೇ ಉಣ್ಣುವುದು. ಉಣ್ಣುವ ಮುಂಚೆ ಅಮಾಯಿ ಮಂಡಿಯೂರಿ ಕೂತು ತಂಬಿಗೆಯಿಂದ ಒಬ್ಬೊಬ್ಬರ ಕೈಗೂ ನೀರು ಹಾಕುತ್ತಾಳೆ. ನನ್ನ ಶೇಂಗಾ ಹಿಂಡಿಯನ್ನು ಅವಳ ಎಲೆಪಲ್ಯದ ಮೇಲೆ ಉದುರಿಸಿ ಕೊಟ್ಟಾಗ, ಬೆವರು ಒರೆಸಿಕೊಳ್ಳುತ್ತ ಪೂರ್ತಿ ಉಂಡು, ಡಬ್ಬಿಯನ್ನು ತನ್ನ ಕಪಾಟಿನಲ್ಲಿ ಇಟ್ಟುಬಿಟ್ಟಳು. ಅಲ್ಲಿಂದ ನಮ್ಮ ದೋಸ್ತಿ.

ಅಡುಗೆಮನೆಯ ಹಿಂದೆ ಅಮಾಯಿಯದೇ ಒಂದು ತುಂಡು ಹೊಲವಿತ್ತು. ಮೆಕ್ಕೆಜೋಳ, ನಡುನಡುವೆ ಕುಂಬಳ, ಅಂಚಿಗೆ ಶೇಂಗಾ. ಸುತ್ತ ಹಗ್ಗ ಕಟ್ಟಿ, ಮೆಣಸಿನಪುಡಿ ಕಲೆಸಿದ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಚೂರುಗಳನ್ನು ಇಳಿಬಿಟ್ಟಿದ್ದಳು, ಆನೆ ಬಾರದಿರಲೆಂದು. ನಮ್ಮಲ್ಲಿ ಹಂದಿ ಬಾರದಿರಲೆಂದು ಹಳೆಯ ಸೀರೆಗಳನ್ನು ಹೊಲದ ಸುತ್ತ ಕಟ್ಟುವುದಿಲ್ಲವೇ? ಅವ್ವನ ಸೀರೆಗಳೆಲ್ಲ ಕೊನೆಗೆ ಹೊಲಕ್ಕೇ ಸೇರಿದವು. ನನ್ನ ಹೊಲ ನಿನ್ನ ಹೊಲ ಅಂತ ಕೈಸನ್ನೆಯಲ್ಲಿ ಮಾತಾಡುತ್ತ ನಾವಿಬ್ಬರೂ ಸಂಜೆ ಕಳೆಯುತ್ತಿದ್ದೆವು.

ಎಳ್ಳಮಾಸಿ

ಎರಡನೆಯ ವಾರದಲ್ಲಿ ಎಳ್ಳಮಾಸಿ ಬಂತು. ಎಳ್ಳ ಅಮಾವಾಸ್ಯೆಯನ್ನು ಬೀದರ, ಗುಲ್ಬರ್ಗಾ, ನಮ್ಮ ಝಹೀರಾಬಾದ್ ಕಡೆ ಮಾಡುವಂತೆ ಮತ್ತೆಲ್ಲೂ ಮಾಡುವುದಿಲ್ಲ. ಊರಿಗೆ ಊರೇ ಬೀಗ ಹಾಕಿ ಹೊಲಕ್ಕೆ ಹೋಗುತ್ತದೆ. ಸಿಕ್ಕ ಸೊಪ್ಪು, ಸಿಕ್ಕ ಕಾಳು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಕಡುಬು, ರೊಟ್ಟಿ, ಹುಳಿ ಅಂಬಲಿ. ಉಣ್ಣುವ ಮುಂಚೆ ಅದನ್ನೆಲ್ಲ ಕಲೆಸಿ ಹೊಲದ ತುಂಬ ಚೆಲ್ಲುತ್ತ ಬರುತ್ತಾರೆ. ಅದು ಚರಗ. ಒಬ್ಬರು ಚೆಲ್ಲಿದರೆ ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತ ಬರಬೇಕು. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಅಂತ ಅವ್ವ ಹೇಳುತ್ತಾಳೆ.

ಊರಿನ ನೆನಪು ನೆತ್ತಿಗೇರಿತ್ತು. ಬೆಳಗ್ಗೆಯೇ ಅಮಾಯಿಯ ಒಲೆ ಹಿಡಿದೆ. ಕುಂಬಳದ ಎಲೆ, ಅಲಸಂದೆ, ಹಸಿ ಶೇಂಗಾ, ದಂಡೆಯ ಮರದ ಹುಣಸೆ. ಭಜ್ಜಿಗೆ ಇಷ್ಟು ಸಾಕು. ಮೆಕ್ಕೆಜೋಳದ ಕಡುಬು ಮಾಡಿದೆ, ಅಂಬಲಿ ಕಾಯಿಸಿದೆ. ಆಮೇಲೆ ಎಲ್ಲ ಕಲೆಸಿ ಬುಟ್ಟಿಗೆ ಹಾಕಿಕೊಂಡು, ಅಮಾಯಿಯ ಕೈಗೆ ತಂಬಿಗೆ ಕೊಟ್ಟು, ಅವಳ ಹೊಲದ ಸುತ್ತ ಚೆಲ್ಲುತ್ತ ಹೊರಟೆ. ಚೆಲ್ಲುತ್ತ ಚೆಲ್ಲುತ್ತ ಊರಿನಲ್ಲಿ ಕೂಗುವಂತೆ ಕೂಗಿದೆ. ಅಮಾಯಿ ಗಂಭೀರವಾಗಿ ಹಿಂದಿನಿಂದ ನೀರು ಚಿಮುಕಿಸಿದಳು. ದಾರಿಯಲ್ಲಿ ಹೊರಟಿದ್ದ ಫಿರಿಯವರು, ಯಾವುದೋ ಪೂಜೆ ನಡೆದಿದೆ ಅಂತ ಟೋಪಿ ತೆಗೆದು ನಿಂತರು. ಶಿಬಿರದವರೆಲ್ಲ ಭಜ್ಜಿಯನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಬಹಳ ಚಂದದ ದಿನ.

ತುತ್ತು ಹಾಕಬಾರದೆಂಬ ನಿಯಮ ನನಗೆ ನೆನಪಾಗಲೇ ಇಲ್ಲ. ಎಲ್ಲಿಂದ ನೆನಪಾಗಬೇಕು? ಚರಗ ಚೆಲ್ಲುವುದು ಭೂಮಿತಾಯಿಗೆ. ಅದನ್ನು ಪ್ರಾಣಿಗೆ ಊಟ ಹಾಕುವುದೆಂದು ನಮ್ಮ ಸೀಮೆಯಲ್ಲಿ ಯಾರೂ ಅಂದುಕೊಂಡಿಲ್ಲ. ಆಮೇಲೆ ಬಂದು ಗುಬ್ಬಿ ತಿನ್ನುತ್ತದೋ ನರಿ ತಿನ್ನುತ್ತದೋ, ತಿರುಗಿ ನೋಡುವ ಪದ್ಧತಿಯೇ ಇಲ್ಲ.

ಮಾರನೆಯ ಬೆಳಗ್ಗೆ ತಿರುಗಿ ನೋಡಬೇಕಾಯಿತು. ಬಬೂನ್‌ಗಳ ಹಿಂಡು ಹೊಲದಲ್ಲಿ ಕೂತಿತ್ತು. ಬಬೂನ್ ಅಂದರೆ ನಮ್ಮ ಮಂಗಗಳಿಗೆ ದೊಡ್ಡಪ್ಪ. ನಾಯಿಯ ಮೂತಿ, ತೋಳದ ಕೋರೆ. ಚೆಲ್ಲಿದ ಕಡುಬು ಮುಗಿಸಿ ಮೆಕ್ಕೆಜೋಳದ ದಂಟಿಗೆ ಕೈ ಹಾಕಿದ್ದವು. ಕಿವಿ ಹರಿದ ದೊಡ್ಡ ಗಂಡೊಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಇವತ್ತೇನು ಅಡುಗೆ ಅನ್ನುವಂತೆ ಒಳಗೆ ನೋಡುತ್ತಿತ್ತು. ಅಮಾಯಿ ಅದಕ್ಕೆ ಬ್ವಾನಾ ಅಂತ ಹೆಸರಿಟ್ಟಳು. ದಣಿ ಅಂತ ಅರ್ಥ. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು ಅನ್ನುತ್ತಾರೆ. ಇಲ್ಲಿ ಕೋತಿಯನ್ನು ಕೆಡಿಸಿದ್ದು ನಾನು.

ಫಿರಿಯವರು ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಚರಗ ಅಂದರೇನು ಅಂತ ನಾನು ವಿವರಿಸಿದ್ದನ್ನು ಪೂರ್ತಿ ಕೇಳಿದರು.

"ನಾನೂ ಟೋಪಿ ತೆಗೆದು ನಿಂತಿದ್ದೆ. ಹಾಗಾಗಿ ನಿನ್ನೊಬ್ಬಳನ್ನೇ ಬಸ್ಸು ಹತ್ತಿಸುವುದು ಸರಿಯಲ್ಲ," ಅಂದರು. "ಆದರೆ ಆ ಗಂಡು ಅಡುಗೆಮನೆಯ ರುಚಿ ಕಂಡಿದೆ. ಒಂದು ವಾರ ನೋಡುತ್ತೇನೆ. ಅಷ್ಟರಲ್ಲಿ ಅದು ಮರಳಿ ಕಾಡಿನದಾಗದಿದ್ದರೆ ನಾನು ಬಂದೂಕು ತರಬೇಕಾಗುತ್ತದೆ."

"ಒಂದು ವಾರ ನಾನು ಹೊಲ ಕಾಯುತ್ತೇನೆ ಸರ್."

"ಇದೇ ವಾರ ಆಚೆ ದಂಡೆಯ ಕಾಡಿನಲ್ಲಿ ನಡಿಗೆ ಇದೆ. ವರ್ಷದ ಕೋರ್ಸಿಗೆ ಆಯ್ಕೆ ಮಾಡುವುದು ಅಲ್ಲಿಯೇ. ಗೊತ್ತಿದೆಯಲ್ಲ?"

ಗೊತ್ತಿತ್ತು. ಅದಕ್ಕಾಗಿಯೇ ಬಂದಿದ್ದೆ. ನಾನು ಹೊಲದ ಕಡೆ ನೋಡಿದೆ. ಬ್ವಾನಾ ಒಂದು ಕುಂಬಳದ ಹೀಚು ಕಿತ್ತು, ಮೂಸಿ, ಎಸೆದ. ಅವನಿಗೆ ನಮ್ಮ ಮಾತು ಯಾವುದೂ ಗೊತ್ತಿರಲಿಲ್ಲ. ನಾನು ಚೆಲ್ಲಿದ ಕಡುಬು ತಿಂದದ್ದಕ್ಕೆ ಅವನು ಸಾಯಬೇಕು; ಅವನು ಸತ್ತರೆ ಆಚೆ ದಂಡೆಗೆ ಹೋಗಿ ನಾನು ಏನು ಕಲಿಯಬೇಕು?

"ಕಾಯುತ್ತೇನೆ," ಅಂದೆ.

ಮಂಚಿಗೆ

ವಾಂಜಿರು ಮತ್ತು ಉಳಿದವರು ದೋಣಿ ಹತ್ತಿ ಆಚೆ ದಂಡೆಗೆ ಹೋದರು. ವಾಂಜಿರು ಕೈಬೀಸುತ್ತ ಅತ್ತಳು. ನಾನು ಅಳಲಿಲ್ಲ, ಗಳ ಕಡಿಯುವುದಿತ್ತು.

ಅಮಾಯಿಯ ತಮ್ಮಂದಿರು ಬಂದು ಮಂಚಿಗೆ ಕಟ್ಟಲು ಕೈಹಚ್ಚಿದರು. ಮೊದಲ ದಿನ ನಾನು ಮೇಲೆ ನಿಂತು ತಟ್ಟೆ ಬಡಿದೆ, ಗಂಟಲು ಹರಿಯುವಂತೆ ಕೂಗಿದೆ. ಬಬೂನ್‌ಗಳು ಕೂತು ಕೇಳಿದವು. ಹೆಂಗಸರಿಗೆ ಅವು ಹೆದರುವುದಿಲ್ಲವಂತೆ. ಅಮಾಯಿ ಇದನ್ನು ಹೇಳಿ, ತನ್ನ ಗಂಡನ ಪ್ಯಾಂಟು ತೊಟ್ಟು ಬಂದಳು. ನನಗೆ ಫಿರಿಯವರ ಹಳೆಯ ಖಾಕಿ ಅಂಗಿ ತೊಡಿಸಿದಳು. ಇಬ್ಬರೂ ಮೀಸೆಯೊಂದಿಲ್ಲದ ಗಂಡಸರಾಗಿ ಹೊಲದ ತುಂಬ ಎದೆಯುಬ್ಬಿಸಿ ಓಡಾಡಿದೆವು. ಬ್ವಾನಾ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಬೆನ್ನು ಕೆರೆದುಕೊಂಡು, ಇನ್ನೊಂದು ದಂಟು ಮುರಿದ.

ಆಗ ಮುತ್ಯಾ ನೆನಪಾದ. ಮುತ್ಯಾ ಕೂಗುತ್ತಿರಲಿಲ್ಲ. ಅವನ ಹತ್ತಿರ ಕವಣಿ ಇರುತ್ತಿತ್ತು. ಹಗ್ಗ ಹೆಣೆದು ನಡುವೆ ಅಂಗೈಯಗಲ ಪಟ್ಟಿ ಮಾಡಿ, ಅದರಲ್ಲಿ ಮಣ್ಣಿನ ಹೆಂಟೆ ಇಟ್ಟು ತಲೆಯ ಮೇಲೆ ತಿರುಗಿಸಿ ಒಂದು ತುದಿ ಬಿಟ್ಟರೆ, ಹೆಂಟೆ ಹೋಗುವ ಮುಂಚೆ ಹಗ್ಗದ ತುದಿ ಛಟ್ಟೆಂದು ಸಿಡಿಯುತ್ತದೆ. ಚಿಕ್ಕವಳಿದ್ದಾಗ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ನನಗೂ ಒಂದು ಹೆಣೆದುಕೊಟ್ಟಿದ್ದ. "ಕಲ್ಲು ಇಡಬ್ಯಾಡ. ಹೆಂಟಿ ಇಡು. ಅದರ ಮೈಗಿ ಅಲ್ಲ, ಅದರ ಮುಂದಿನ ನೆಲಕ್ಕ ಹೊಡಿ," ಅನ್ನುತ್ತಿದ್ದ. "ಹೆದರಬೇಕು, ಗಾಯ ಆಗಬಾರದು."

ಓಢಣಿ ಹರಿದು ಕವಣಿ ಹೆಣೆದೆ. ಮೊದಲ ಹೆಂಟೆ ಅಡುಗೆಮನೆಯ ತಗಡಿನ ಮೇಲೆ ಬಿದ್ದು ಅಮಾಯಿ ಒಳಗಿನಿಂದ ಓಡಿ ಬಂದಳು. ಎರಡನೆಯದು ನನ್ನ ಹಿಂದೆಯೇ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಕೈ ನೆನಪು ಮಾಡಿಕೊಂಡಿತು. ಬ್ವಾನಾನ ಮುಂದೆ ನೆಲ ಧೂಳೆದ್ದಿತು. ಅವನು ಮೊದಲ ಬಾರಿಗೆ ನನ್ನನ್ನು ಮನುಷ್ಯಳೆಂದು ನೋಡಿ, ನಾಲ್ಕು ಹೆಜ್ಜೆ ಹಿಂದೆ ಸರಿದ.

ಅಲ್ಲಿಂದ ದಿನವೂ ಬೆಳಕು ಹರಿಯುವುದರೊಳಗೆ ನಾನು ಮೇಲೆ, ಅವನು ಹುಣಸೆ ಮರದ ಕೆಳಗೆ. ಒಬ್ಬರನ್ನೊಬ್ಬರು ನೋಡುತ್ತ ಕೂರುವುದೇ ಕೆಲಸ. ನೀರಿಗೆ ಹೋಗುವ ಊರ ಹೆಂಗಸರು ಕೊಡ ಇಳಿಸಿ ಬಂದು ನೋಡಿದರು. ಆಮೇಲೆ ಹತ್ತಿ ಬಂದು ಪಕ್ಕದಲ್ಲಿ ಕೂತರು. ಕವಣಿ ಹೆಣೆಯುವುದನ್ನು ತೋರಿಸಿದೆ. ತೊಡುವ ಬಟ್ಟೆಯ ಅಂಚು ಹರಿದು ತಾವೂ ಹೆಣೆದರು. ತಮ್ಮ ಹೊಲದ ಕಥೆ ಹೇಳಿದರು. ಯಾವ ಆನೆ ಯಾವ ದಾರಿಯಲ್ಲಿ ಬರುತ್ತದೆ, ಕಳೆದ ಸುಗ್ಗಿಯಲ್ಲಿ ಯಾರ ಕಣಜ ಬರಿದಾಯಿತು. ಹೆಚ್ಚಿನದು ಕೈಸನ್ನೆ. ಹೊಲ ಕಾಯುವವರ ಮಾತಿಗೆ ಭಾಷೆ ಅಷ್ಟು ಬೇಕಾಗುವುದಿಲ್ಲ.

ನಡುವೆ ಒಂದು ದಿನ ಅಪ್ಪನಿಗೆ ಫೋನು ಹತ್ತಿತು.

"ಏನ್ ಮಾಡ್ಲತ್ತಿ ಯವ್ವಾ? ಇಟಕೊಂಡ್ರೇನು?"

"ಹೊಲ ಕಾಯ್ಲತೀನಪ್ಪಾ."

"ಯಾರ ಹೊಲ?"

"ಅಡಗಿ ಮಾಡೋ ಅಮ್ಮಂದು. ಮಂಗ ಬರ್ಲತಾವ."

ಅಪ್ಪ ನಗತೊಡಗಿದ. "ಹೊಲ ಕಾಯಾಕ ಅಷ್ಟು ದೂರ ಹೋದ್ಯಾ? ಇಲ್ಲೇ ಎರಡು ಎಕರೆ ಇತ್ತಲ್ಲ." ನಗುತ್ತಿರುವಾಗಲೇ ಫೋನು ಕಟ್ಟಾಯಿತು. ನನಗೂ ನಗು ಬಂತು. ಆಮೇಲೆ ಅಳು ಬಂತು, ಅಲ್ಲಿಯವರೆಗೆ ಬಾರದಿದ್ದದ್ದು. ಕೋರ್ಸು ಕೈತಪ್ಪಿದ್ದು ಆಗ ನಿಜವೆನಿಸಿತು. ಕೊಟ್ಟ ಮಾತು ಕೊಟ್ಟದ್ದೇ. ಊರಿಗೆ ಹೋಗಿ ಟೀಚರ್ ಪರೀಕ್ಷೆಗೆ ಓದಬೇಕು.

ಆಚೆ ದಂಡೆಗೆ ಹೋದವರು ಬಂದರು. ವಾಂಜಿರು ಆಯ್ಕೆಯಾಗಿದ್ದಳು. ಅವಳನ್ನು ತಬ್ಬಿಕೊಂಡಾಗ ನನ್ನ ಸಂತೋಷ ನಿಜವಾದದ್ದೇ ಆಗಿತ್ತು, ಪೂರ್ತಿ ಅಲ್ಲದಿದ್ದರೂ.

ವಾರ ಮುಗಿದ ಬೆಳಗ್ಗೆ ಫಿರಿಯವರು ಹೆಗಲಿಗೆ ಬಂದೂಕು ಹಾಕಿಕೊಂಡು ಬಂದರು. ಮೊದಲು ನಾನು ಹೇಗೆ ಎದ್ದೆ ಅಂತ ಕೇಳಿದರು. ಚೆನ್ನಾಗಿ ಎದ್ದೆ ಅಂದೆ, ಸುಳ್ಳೇ. "ಕವಣಿ ಅಲ್ಲೇ ಬಿಟ್ಟು ಕೆಳಗಿಳಿ," ಅಂದರು. ಇಳಿದೆ. "ಬರಿಗೈಯಲ್ಲಿ ಅದರ ಕಡೆ ನಡೆ."

ಬ್ವಾನಾ ಹುಣಸೆಯ ಬುಡದಲ್ಲಿ ಕೂತಿದ್ದ. ನಾನು ನಡೆದೆ. ಓಡು, ಓಡಪ್ಪಾ ಅಂತ ಮನಸ್ಸಿನಲ್ಲೇ ಕನ್ನಡದಲ್ಲಿ ಬೇಡಿಕೊಳ್ಳುತ್ತಿದ್ದೆ. ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಒಂದು ಸಲ ಬೊಗಳಿದಂತೆ ಕೂಗಿ, ತಿರುಗಿ, ಹಿಂಡನ್ನೆಲ್ಲ ಕಟ್ಟಿಕೊಂಡು ಕಾಡಿನೊಳಗೆ ಓಡಿದ. ಹುಲ್ಲು ಅಲುಗುವುದು ನಿಲ್ಲುವವರೆಗೆ ನಾನು ನೋಡುತ್ತ ನಿಂತೆ. ನನ್ನನ್ನು ಕಂಡು ಓಡಿದವರ ಮೇಲೆ ನನಗೆ ಅಷ್ಟು ಪ್ರೀತಿ ಮತ್ತೆಂದೂ ಬಂದಿಲ್ಲ.

ಫಿರಿಯವರು ಬಂದೂಕಿನ ಗುಂಡು ತೆಗೆದು ಜೇಬಿಗೆ ಹಾಕಿಕೊಂಡರು. ಮಂಚಿಗೆಯ ನೆರಳಿನಲ್ಲಿ ಅಮಾಯಿಯೂ ಊರ ಹೆಂಗಸರೂ ನಿಂತಿದ್ದರು. ಅವರೊಳಗೆ ಏನೇನೋ ಮಾತಾಯಿತು. ಆಮೇಲೆ ಫಿರಿಯವರು ನನ್ನ ಕಡೆ ತಿರುಗಿದರು.

"ಕೋರ್ಸಿನ ಎರಡೂ ಜಾಗ ಹೋದವು. ಅದನ್ನು ನಾನು ಬದಲಿಸಲಾರೆ," ಅಂದರು. "ಆದರೆ ಸುಗ್ಗಿಗೆ ಈ ದಂಡೆಯ ಹಳ್ಳಿಗಳಲ್ಲಿ ಹೊಲಕಾವಲಿನ ಕೆಲಸಕ್ಕೆ ಸಂಬಳ ಕೊಟ್ಟು ಒಬ್ಬರನ್ನು ಇಡುತ್ತೇವೆ. ಪ್ರಾಣಿಯೂ ಸಾಯಬಾರದು, ಬೆಳೆಯೂ ಹೋಗಬಾರದು. ಇಲ್ಲಿಯವರೆಗೆ ನಾವು ಯಾರನ್ನು ಇಟ್ಟರೂ ಈ ಹೆಂಗಸರು ಅವರ ಜೊತೆ ಕೂರಲಿಲ್ಲ. ಈ ಸಲ ತಾವೇ ನಿನ್ನ ಹೆಸರು ಹೇಳುತ್ತಿದ್ದಾರೆ. ಬರುತ್ತೀಯಾ?"

ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ. ಅಮಾಯಿ ನನ್ನ ಶೇಂಗಾ ಹಿಂಡಿಯ ಡಬ್ಬಿಯನ್ನು ತೊಳೆದು ಕೊಟ್ಟಳು. ಬರುವಾಗ ತುಂಬಿಸಿಕೊಂಡು ಬಾ ಅಂತ ಅದರ ಅರ್ಥ.

ಮರಳಿ ಝಹೀರಾಬಾದ್

ಈ ಸಲ ಬಂದ್ ಇರಲಿಲ್ಲ. ಹೆದ್ದಾರಿಯ ಮೇಲೆ ಒಲೆಯ ಕಲ್ಲುಗಳ ಕರಿ ಕಲೆ ಹಾಗೇ ಇತ್ತು. ಅಪ್ಪ ಜೀಪು ನಿಲ್ಲಿಸಿಕೊಂಡು ಬಸ್ ನಿಲ್ದಾಣದ ಹೊರಗೆ ಕಾಯುತ್ತಿದ್ದ. ಪೆಟ್ಟಿಗೆ ಎತ್ತಿ ಮೇಲಿಟ್ಟು, "ಸೊರಗೀದಿ," ಅಂದ.

ಮುಂದಿನ ಸೀಟಿನಲ್ಲಿ ಕೂತು ನಾನೇ ಎಲ್ಲ ಹೇಳಿದೆ. ಚರಗ, ಬ್ವಾನಾ, ಮುತ್ಯಾನ ಕವಣಿ. ಕೋರ್ಸು ಸಿಗಲಿಲ್ಲ ಅಂತ ಹೇಳಿದೆ. ಫಿರಿಯವರು ಕೇಳಿದ್ದನ್ನೂ ಹೇಳಿ, "ಮಾತು ಕೊಟ್ಟೀನಿ, ಮರತಿಲ್ಲ. ಬ್ಯಾಡಂದ್ರ ಹೋಗಲ್ಲ," ಅಂದೆ. ಅಪ್ಪ ಬಟ್ಟೆ ತೆಗೆದುಕೊಂಡು ಮುಂದಿನ ಗಾಜು ಒರೆಸತೊಡಗಿದ. ಅಷ್ಟು ಹೊತ್ತಿಗೆ ಜೀಪು ತುಂಬತೊಡಗಿತ್ತು.

ಹಿಂದಿನಿಂದ ನಮ್ಮೂರ ಶರಣಮ್ಮಾಯಿ ಮುಂದಕ್ಕೆ ಬಾಗಿ ಅಪ್ಪನ ಹೆಗಲು ಮುಟ್ಟಿದಳು. "ಮಗಳು ಬಂದಳೇನೋ? ಎಲ್ಲೋ ದೂರ ಹೋಗಿದ್ದಳಂತ. ಏನ್ ಮಾಡಾಕ ಹೋಗಿದ್ದಳು?"

ಅಪ್ಪ ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡು ಜೀಪು ಚಾಲು ಮಾಡಿದ. ಹಿಂದೆ ಜೋತುಬಿದ್ದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಅಂದ:

"ಆಫ್ರಿಕಾದಾಗ ನೌಕರಿ ಹತ್ಯದ ಆಕಿಗಿ. ಸುಗ್ಗಿಗಿ ಮತ್ತ ಹೋಗ್ತಾಳ. ನಮ್ಮಪ್ಪ ಮಾಡ್ತಿದ್ದ ನೌಕರಿನೇ, ಹೊಲ ಕಾಯೋದು. ಅಲ್ಲಿ ಪಗಾರ ಕೊಡ್ತಾರ."